ಡ್ರೈವರ್ ಬಿಡಿಸಿದೊಡನೆ ಕರ್ನಲ್ ಬೀಳುತ್ತಿದೆಯೇ? ಡೆವ್‌ಎಂ ಫಂಕ್ಷನ್‌ಗಳ ದೋಷ ಹುಡುಕುವ ಕೈಪಿಡಿ

ಶಿಡ್ಲಘಟ್ಟದ ಸುತ್ತಲಿನ ರೇಷ್ಮೆ ಹುಳು ಮನೆಗಳಲ್ಲಿ ತಾಪ, ತೇವಾಂಶ ಅಳೆದು ಹೀಟರ್ ಮತ್ತು ಹ್ಯುಮಿಡಿಫೈಯರ್ ನಡೆಸುವ ಪುಟ್ಟ ಲಿನಕ್ಸ್ ಪೆಟ್ಟಿಗೆಯೊಂದಕ್ಕೆ ನಾನು ಡ್ರೈವರ್ ಬರೆಯುತ್ತೇನೆ. ಚಾಕಿ ಹುಳುವಿಗೆ (ಮೊದಲ ಹಂತದ ಎಳೆ ಹುಳು) 26ರಿಂದ 28 ಡಿಗ್ರಿ ತಾಪ, ನೂರಕ್ಕೆ 80ರಿಂದ 90ರಷ್ಟು ತೇವಾಂಶ ಬೇಕು. ಹುಳು ದೊಡ್ಡದಾದಂತೆ ಎರಡೂ ಇಳಿಯಬೇಕು. ಒಂದು ರಾತ್ರಿ ಅಳತೆ ತಪ್ಪಿದರೆ ಬೆಳಗ್ಗೆ ಸೊಪ್ಪು ಹಾಕುವವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಒಮ್ಮೆ ಹುಳು ನಾಲ್ಕನೇ ಜ್ವರಕ್ಕೆ (ಪೊರೆ ಬಿಡುವ ಹಂತ) ಕೂತಿದ್ದ ಹೊತ್ತಿನಲ್ಲಿ ಮನೆಯ ಯಜಮಾನಿ ಫೋನ್ ಮಾಡಿ, "ಪೆಟ್ಟಿಗೆಯ ದೀಪ ಉರಿಯುತ್ತಿದೆಯಪ್ಪ, ಅಂಕಿ ಮಾತ್ರ ನಿನ್ನೆ ಸಂಜೆಯಿಂದ ಅಲ್ಲಾಡಿಲ್ಲ" ಎಂದರು. ಹೋಗಿ ನೋಡಿದರೆ ಕರ್ನಲ್ ಒಳಗೆ ನನ್ನ ಡ್ರೈವರ್ ಸತ್ತುಬಿದ್ದಿತ್ತು. ಅಳತೆ ಸ್ತಬ್ಧವಾದರೆ ಡ್ರೈವರನ್ನು ಸಾಧನದಿಂದ ಬಿಡಿಸಿ ಮತ್ತೆ ಕಟ್ಟಲೆಂದು ನಾವೇ ಒಂದು ಸ್ಕ್ರಿಪ್ಟ್ ಇಟ್ಟಿದ್ದೆವು. ಹಾಗೆ ಬಿಡಿಸುವ ಹೊತ್ತಿನಲ್ಲೇ ಅದು ಮುಗ್ಗರಿಸಿತ್ತು.

ಆ ಡ್ರೈವರಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಡೆವ್‌ಎಂ ಫಂಕ್ಷನ್‌ಗಳೇ ಆಗಿದ್ದವು. ಮೆಮೊರಿ, ಇಂಟರಪ್ಟ್, ಕ್ಲಾಕ್, ಜಿಪಿಐಒ (ಚಿಪ್ಪಿನ ಹಚ್ಚುವ-ಆರಿಸುವ ಗೆರೆ) ಇವನ್ನೆಲ್ಲ ಸಾಧನದ ಹೆಸರಿಗೆ ಬರೆದಿಟ್ಟು, ಪ್ರೋಬ್ (ಡ್ರೈವರ್ ಸಾಧನಕ್ಕೆ ಕಟ್ಟಿಕೊಳ್ಳುವಾಗ ಓಡುವ ಫಂಕ್ಷನ್) ವಿಫಲವಾದಾಗಲೋ ಡ್ರೈವರ್ ಬಿಟ್ಟುಹೋದಾಗಲೋ ತಾನಾಗಿ ಹಿಂತಿರುಗಿಸುವ ಏರ್ಪಾಡು ಇದು. 2007ರಲ್ಲಿ ಕರ್ನಲ್ 2.6.21ರೊಂದಿಗೆ ಬಂತು, ಬರೆದವರು ತೇಜುನ್ ಹಿಯೊ. ಅದಕ್ಕೆ ಮುಂಚೆ ಪ್ರತಿ ಡ್ರೈವರಿನ ತುದಿಯಲ್ಲೂ ಬಿಡುಗಡೆಯ ಉದ್ದನೆಯ ಸಾಲು, ಅದರಲ್ಲಿ ಒಂದಲ್ಲ ಒಂದು ಮರೆತಿರುತ್ತಿತ್ತು. ಡೆವ್‌ಎಂ ಆ ಕಷ್ಟವನ್ನು ನಿಜವಾಗಿ ನೀಗಿಸಿದೆ. ಆದರೆ ಅದು ಮಾಡುವುದು ಬಿಡುಗಡೆಯನ್ನು ಮಾತ್ರ. ಓಡುತ್ತಿರುವ ಯಂತ್ರವನ್ನು ಮೊದಲು ನಿಲ್ಲಿಸುವುದು, ಇನ್ನೂ ಬಳಸುತ್ತಿರುವವರು ಯಾರಿದ್ದಾರೆ ಎಂದು ನೋಡುವುದು ಬರೆಯುವವರ ಹೊಣೆಯಾಗಿಯೇ ಉಳಿದಿದೆ. ಕೆಳಗಿನ ಲಕ್ಷಣಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಫಂಕ್ಷನ್‌ಗಳ ಹೆಸರನ್ನು ಉಚ್ಚರಿಸುವಂತೆಯೇ ಕನ್ನಡದಲ್ಲಿ ಬರೆದಿದ್ದೇನೆ. ಡ್ರೈವರ್ ಬರೆದು ಅಭ್ಯಾಸವಿರುವವರಿಗೆ ಯಾವುದು ಯಾವುದೆಂದು ಹೇಳಬೇಕಾಗಿಲ್ಲ.

ಕೈ ಹಾಕುವ ಮುನ್ನ

ಮೊದಲು 230 ವೋಲ್ಟಿನ ಭಾರವನ್ನು ಬಿಚ್ಚಿ. ಹೀಟರ್, ಮೋಟಾರ್, ಪಂಪ್ ಏನೇ ಇರಲಿ, ರಿಲೇಯ ಆಚೆ ಬದಿಯ ತಂತಿ ಕಳಚಿದ ಮೇಲೆಯೇ ಡ್ರೈವರಿನ ತಂಟೆಗೆ ಹೋಗಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಡ್ರೈವರ್ ಬಿಟ್ಟುಹೋದಾಗ ಡೆವ್‌ಎಂ ಜಿಪಿಐಒ ಗೆರೆಯನ್ನು ಹಿಂತಿರುಗಿಸುತ್ತದೆ ನಿಜ, ಆದರೆ ಗೆರೆಯ ಮಟ್ಟವನ್ನು ಅದು ಇಳಿಸಿಕೊಡುವುದಿಲ್ಲ. ರಿಲೇ ಹಚ್ಚಿಕೊಂಡಿದ್ದ ಗಳಿಗೆಯಲ್ಲಿ ಡ್ರೈವರ್ ಹೋದರೆ ರಿಲೇ ಹಚ್ಚಿಕೊಂಡೇ ಉಳಿಯಬಹುದು. ಹುಳು ಮನೆಯಲ್ಲಿ ಬಿದಿರಿನ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಒಣಗಿದ ಸೊಪ್ಪು ಎಲ್ಲವೂ ಹೀಟರಿನ ಹತ್ತಿರದಲ್ಲೇ ಇರುತ್ತವೆ. ಹೀಗಾಗಿ ನಾವು ಈಗ ರಿಲೇ ಆರಿಸುವ ಕೆಲಸವನ್ನೇ ಡೆವ್‌ಎಂ_ಆಡ್_ಆ್ಯಕ್ಷನ್_ಆರ್_ರಿಸೆಟ್ ಮೂಲಕ ಪಟ್ಟಿಗೆ ಸೇರಿಸುತ್ತೇವೆ. ಅದರ ಮೇಲೆ ತಾಪ ಮಿತಿಮೀರಿದರೆ ತಾನಾಗಿ ಕಡಿಯುವ ಯಾಂತ್ರಿಕ ಸ್ವಿಚ್ಚನ್ನೂ ಹೀಟರಿಗೆ ಹಾಕಿದ್ದೇವೆ. ಸಾಫ್ಟ್‌ವೇರ್ ಒಂದನ್ನೇ ನಂಬಿ ಹೀಟರ್ ಬಿಟ್ಟುಬರಬಾರದು.

ಮೆಮೊರಿ ಕಾರ್ಡಿನ ಪ್ರತಿ ಮಾಡಿಟ್ಟುಕೊಳ್ಳಿ. ಸೀರಿಯಲ್ ಕನ್ಸೋಲ್ ಜೋಡಿಸಿ. ಕರ್ನಲ್ ಪೂರ್ತಿ ಬಿದ್ದಾಗ ಕೊನೆಯ ಸಾಲುಗಳು ಸಿಗುವುದು ಹೆಚ್ಚಾಗಿ ಅಲ್ಲಿಯೇ. ರೂಟ್ ಕಡತವ್ಯವಸ್ಥೆ ಕೂತಿರುವ ಸಾಧನವನ್ನಾಗಲಿ, ಅದಕ್ಕೆ ವಿದ್ಯುತ್ ಕೊಡುವ ರೆಗ್ಯುಲೇಟರನ್ನಾಗಲಿ ಬಿಡಿಸಿ ನೋಡಲು ಹೋಗಬೇಡಿ.

ಲಕ್ಷಣ: ಡ್ರೈವರ್ ಏಳುವುದೇ ಇಲ್ಲ

ಇದು ಎಲ್ಲಕ್ಕಿಂತ ಸುಲಭದ್ದು. ಡಿಮೆಸೇಜ್ (ಕರ್ನಲ್ಲಿನ ಲಾಗ್) ತೆರೆದು ಸಾಧನದ ಹೆಸರಿನ ಪಕ್ಕದಲ್ಲಿರುವ ಅಂಕಿ ನೋಡಿ.

ಮೈನಸ್ 517 ಇದ್ದರೆ ಗಾಬರಿ ಬೇಡ. ನೀವು ಕೇಳಿದ ಕ್ಲಾಕ್, ರೆಗ್ಯುಲೇಟರ್ ಅಥವಾ ಜಿಪಿಐಒ ಇನ್ನೂ ಸಿದ್ಧವಾಗಿಲ್ಲ, ಆಮೇಲೆ ಮತ್ತೆ ಪ್ರಯತ್ನಿಸುತ್ತೇನೆ ಎಂದು ಕರ್ನಲ್ ಹೇಳುತ್ತಿದೆ. ಡಿಬಗ್ ಕಡತವ್ಯವಸ್ಥೆಯಲ್ಲಿ ಡಿವೈಸಸ್_ಡಿಫರ್ಡ್ ಎಂಬ ಕಡತ ತೆರೆದರೆ ಯಾರ್ಯಾರು ಕಾಯುತ್ತಿದ್ದಾರೆಂದು ತಿಳಿಯುತ್ತದೆ. ನಿಮ್ಮ ಸಾಧನ ಅಲ್ಲೇ ಕೂತು ಬೆಳಗು ಮಾಡಿದರೆ ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಸಾಧನಗಳನ್ನು ವಿವರಿಸುವ ಕಡತ) ಹೆಸರು ತಪ್ಪಿದೆ, ಇಲ್ಲವೇ ಕೊಡಬೇಕಾದ ಡ್ರೈವರ್ ಬಿಲ್ಡ್‌ನಲ್ಲಿಯೇ ಇಲ್ಲ. ಹೀಗೆ ಮುಂದೂಡುವ ಪ್ರತಿ ಸಲವೂ ಪ್ರೋಬ್ ಅಲ್ಲಿಯವರೆಗೆ ಪಡೆದಿದ್ದ ಡೆವ್‌ಎಂ ಸಂಪನ್ಮೂಲಗಳು ವಾಪಸಾಗುತ್ತವೆ. ಕೈಯಿಂದ ಪಡೆದದ್ದು ವಾಪಸಾಗುವುದಿಲ್ಲ. ಸಾದಾ ಕೆಝಡ್‌ಅಲಾಕ್‌ನಿಂದ ಪಡೆದ ಒಂದು ಮೆಮೊರಿ ತುಂಡನ್ನು ಬಿಡುವುದು ಮರೆತಿದ್ದರೆ ಬೂಟ್ ಆಗುವ ಒಂದೇ ಸಲದಲ್ಲಿ ಅದು ಹತ್ತು ಸಲ ಸೋರಬಹುದು.

ಮೈನಸ್ 12 ಎಂದರೆ ಮೆಮೊರಿ ಸಿಗಲಿಲ್ಲ. ಮೈನಸ್ 16 ಎಂದರೆ ಬೇರೆ ಯಾರೋ ಹಿಡಿದಿದ್ದಾರೆ. ವಿಳಾಸದ ತುಂಡಿಗೆ ಹೀಗಾಗಿದ್ದರೆ ಪ್ರಾಕ್ ಕಡತವ್ಯವಸ್ಥೆಯ ಐಒಮೆಮ್ ಓದಿ. ಆ ತುಂಡಿನ ಮುಂದೆ ಯಾರ ಹೆಸರಿದೆ ಎಂಬುದು ಅಲ್ಲೇ ಇರುತ್ತದೆ.

ಲಕ್ಷಣ: ಏಳುತ್ತಲೇ ಬೀಳುತ್ತದೆ

ಮೊದಲ ತಪಾಸಣೆಗೆ ಕಾಸೂ ಬೇಡ, ಕಾಲವೂ ಬೇಡ. ಪ್ರತಿ ಡೆವ್‌ಎಂ ಕರೆಯ ಕೆಳಗಿನ ಷರತ್ತನ್ನು ಬೆರಳಿಟ್ಟು ಓದಿ. ಡೆವ್‌ಎಂ_ಕೆಝಡ್‌ಅಲಾಕ್ ಸೋತರೆ ನಲ್ (ಖಾಲಿ ಪಾಯಿಂಟರ್) ಕೊಡುತ್ತದೆ. ಡೆವ್‌ಎಂ_ಐಒರಿಮ್ಯಾಪ್ ಕೂಡ ನಲ್. ಆದರೆ ಡೆವ್‌ಎಂ_ಐಒರಿಮ್ಯಾಪ್_ರಿಸೋರ್ಸ್ ಸೋತಾಗ ದೋಷದ ಅಂಕಿಯನ್ನು ಪಾಯಿಂಟರಿನ ವೇಷದಲ್ಲಿ ಕೊಡುತ್ತದೆ. ಅದನ್ನು ಈಸ್_ಎರ್ರ್ ಇಂದ ಪರೀಕ್ಷಿಸಬೇಕು. ಕ್ಲಾಕ್, ರೆಗ್ಯುಲೇಟರ್, ಜಿಪಿಐಒ ಕೇಳುವ ಫಂಕ್ಷನ್‌ಗಳದೂ ಇದೇ ರೀತಿ. ಒಂದರ ಷರತ್ತನ್ನು ಇನ್ನೊಂದಕ್ಕೆ ಬರೆದರೆ ಸೋಲು ಕಣ್ತಪ್ಪಿಸಿಕೊಂಡು ಮುಂದೆ ಹೋಗುತ್ತದೆ, ಮೊದಲ ರಿಜಿಸ್ಟರ್ ಓದಿನಲ್ಲೇ ಬೋರ್ಡ್ ಬೀಳುತ್ತದೆ. ಬಿದ್ದ ವಿಳಾಸ ಎಫ್ ಅಕ್ಷರಗಳಿಂದ ತುಂಬಿ, ಸಂಖ್ಯಾವ್ಯಾಪ್ತಿಯ ತುತ್ತತುದಿಯಲ್ಲಿದ್ದರೆ ಬಹುಪಾಲು ಇದೇ ಕಾರಣ. ಮೈನಸ್ ಅಂಕಿ ಪಾಯಿಂಟರಾದಾಗ ಹಾಗೆಯೇ ಕಾಣುತ್ತದೆ. ವಿಳಾಸ ಸೊನ್ನೆಯ ಹತ್ತಿರವಿದ್ದರೆ ನಲ್.

ಷರತ್ತುಗಳೆಲ್ಲ ಸರಿಯಿದ್ದರೆ ಇಂಟರಪ್ಟ್ ಕೇಳಿದ ಜಾಗ ನೋಡಿ. ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ ಮುಗಿದ ಗಳಿಗೆಯಿಂದಲೇ, ಕೆಲವೊಮ್ಮೆ ಅದು ಮುಗಿಯುವ ಮೊದಲೇ, ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಓಡಬಹುದು. ಬೂಟ್‌ಲೋಡರ್ ಬಿಟ್ಟುಹೋದ ಹಳೆಯ ಇಂಟರಪ್ಟ್ ಬಾಕಿ ಇದ್ದರಂತೂ ತಕ್ಷಣ ಬರುತ್ತದೆ. ಹ್ಯಾಂಡ್ಲರ್ ಮುಟ್ಟುವ ಬೀಗ, ಬಫರ್, ವರ್ಕ್ (ಆಮೇಲೆ ಮಾಡಲೆಂದು ಸರತಿಗೆ ಹಚ್ಚುವ ಕೆಲಸ) ಎಲ್ಲವೂ ಅದಕ್ಕೆ ಮುಂಚೆ ಸಿದ್ಧವಾಗಿರಬೇಕು.

ಲಕ್ಷಣ: ಮೊದಲ ಸಲ ಸರಿ, ಬಿಡಿಸಿ ಕಟ್ಟಿದರೆ ಮೈನಸ್ 16

ಹಿಂದಿನ ಸಲದ ಯಾವುದೋ ಒಂದು ವಾಪಸಾಗಿಲ್ಲ. ಕಾರಣ ಎರಡರಲ್ಲಿ ಒಂದು. ಯಾವುದನ್ನೋ ಡೆವ್‌ಎಂ ಇಲ್ಲದೆ ಪಡೆದು ರಿಮೂವ್‌ನಲ್ಲಿ (ಡ್ರೈವರ್ ಬಿಡಿಸುವಾಗ ಓಡುವ ಫಂಕ್ಷನ್) ಬಿಡುವುದು ಮರೆತಿದ್ದೀರಿ. ಕೋಡಿನ ಮೇಲೆ ಕಣ್ಣಾಡಿಸಿದರೆ ಸಿಗುತ್ತದೆ. ಇಲ್ಲವೇ ಡೆವ್‌ಎಂ ಫಂಕ್ಷನ್ನಿಗೆ ತಪ್ಪು ಸಾಧನದ ಪಾಯಿಂಟರ್ ಕೊಟ್ಟಿದ್ದೀರಿ. ಎರಡನೆಯದು ಕಣ್ಣಿಗೆ ಬೀಳುವುದು ಕಷ್ಟ.

ಪ್ಲಾಟ್‌ಫಾರ್ಮ್ ಸಾಧನದ ಹೆಸರಿಗೆ ಬರೆಯಬೇಕಾದದ್ದನ್ನು ನೀವೇ ಹುಟ್ಟಿಸಿದ ಇನ್‌ಪುಟ್ ಸಾಧನದ ಹೆಸರಿಗೋ ಐಐಒ (ಸೆನ್ಸರ್‌ಗಳಿಗಾಗಿ ಕರ್ನಲ್ಲಿನಲ್ಲೇ ಇರುವ ವ್ಯವಸ್ಥೆ) ಸಾಧನದ ಹೆಸರಿಗೋ ಬರೆದರೆ, ಆ ಮರಿ ಸಾಧನಕ್ಕೆ ಯಾವ ಡ್ರೈವರೂ ಕಟ್ಟಿಕೊಂಡಿರುವುದಿಲ್ಲ. ಬಿಟ್ಟುಹೋಗುವ ಡ್ರೈವರೇ ಇಲ್ಲದ ಮೇಲೆ, 6.6ಕ್ಕಿಂತ ಹಳೆಯ ಕರ್ನಲ್‌ಗಳಲ್ಲಿ ಬಿಡುಗಡೆಯ ಗಳಿಗೆ ಬರುವುದು ಆ ಮರಿಯ ಕೊನೆಯ ಹಿಡಿತ ಸಡಿಲಿದಾಗ ಮಾತ್ರ. ಯಾವುದೋ ಪ್ರೋಗ್ರಾಂ ಅದರ ಕಡತ ತೆರೆದು ಕೂತಿದ್ದರೆ ಆ ಗಳಿಗೆ ನಾಳೆಯೂ ಬರಬಹುದು. ಅಷ್ಟರಲ್ಲಿ ನೀವು ಮತ್ತೆ ಕಟ್ಟಲು ಹೋದರೆ ಮೈನಸ್ 16 ಎದುರಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಒಂದು ಚಿಹ್ನೆಯೂ ಇದೆ. ಪ್ರೋಬ್‌ಗೆ ಮೊದಲೇ ಸಂಪನ್ಮೂಲಗಳಿವೆ ಎಂಬರ್ಥದ ತೀವ್ರ ಎಚ್ಚರಿಕೆಯ ಸಾಲು ಲಾಗಿನಲ್ಲಿ ಬಂದು ಪ್ರೋಬ್ ಮೈನಸ್ 16ರೊಂದಿಗೆ ನಿಂತರೆ, ಡ್ರೈವರ್ ಕಟ್ಟಿಕೊಳ್ಳುವ ಮುನ್ನವೇ ಯಾರೋ ಆ ಸಾಧನದ ಪಟ್ಟಿಗೆ ಡೆವ್‌ಎಂ ಮೂಲಕ ಏನನ್ನೋ ಸೇರಿಸಿದ್ದಾರೆ. ಸಾಮಾನ್ಯವಾಗಿ ಅದು ತಾಯಿ ಸಾಧನದ ಡ್ರೈವರ್, ಮರಿಯ ಪಾಯಿಂಟರ್ ಹಿಡಿದು ಮಾಡಿದ ಕೆಲಸ. ಯಾರ ಪ್ರೋಬ್ ನಡೆಯುತ್ತಿದೆಯೋ ಅವರ ಸಾಧನದ ಪಾಯಿಂಟರನ್ನೇ ಕೊಡಬೇಕು. ಈ ನಿಯಮಕ್ಕೆ ವಿನಾಯಿತಿ ಬೇಕೆನಿಸಿದಾಗಲೆಲ್ಲ ನಾನು ವಿನ್ಯಾಸವನ್ನೇ ಮತ್ತೊಮ್ಮೆ ನೋಡುತ್ತೇನೆ.

ಲಕ್ಷಣ: ಬಿಡಿಸುವಾಗ ಕರ್ನಲ್ ಬೀಳುತ್ತದೆ, ಅದೂ ಹತ್ತಕ್ಕೊಮ್ಮೆ

ಯಜಮಾನಿಯ ಪೆಟ್ಟಿಗೆಯಲ್ಲಿ ಆಗಿದ್ದು ಇದೇ. ಮೇಜಿನ ಮೇಲೆ ಒಂದು ವಾರ ಬಿಡಿಸಿ ಕಟ್ಟಿದರೂ ಏನೂ ಆಗದೆ, ಹುಳು ಮನೆಯಲ್ಲಿ ರಾತ್ರಿ ಬೀಳುವ ಬಗೆಯ ದೋಷ.

ಬಿಡಿಸುವಾಗ ನಡೆಯುವ ಕ್ರಮವನ್ನು ಮನಸ್ಸಿನಲ್ಲಿ ಚೆನ್ನಾಗಿ ಊರಿಸಿಕೊಳ್ಳಬೇಕು. ಮೊದಲು ನಿಮ್ಮ ರಿಮೂವ್ ಫಂಕ್ಷನ್ ಪೂರ್ತಿ ಓಡಿ ಮುಗಿಯುತ್ತದೆ. ಅದಾದ ಮೇಲೆ ಡೆವ್‌ಎಂ ಪಟ್ಟಿ ಕೊನೆಯಿಂದ ಮೊದಲಿಗೆ ಬಿಚ್ಚಿಕೊಳ್ಳುತ್ತದೆ. ಕಟ್ಟಕಡೆಯಲ್ಲಿ ಪಡೆದದ್ದು ಮೊಟ್ಟಮೊದಲು ಹೋಗುತ್ತದೆ. ಅಂದರೆ ರಿಮೂವ್ ಓಡುತ್ತಿರುವಷ್ಟು ಹೊತ್ತೂ, ಡೆವ್‌ಎಂ ಮೂಲಕ ಕೇಳಿದ ಇಂಟರಪ್ಟ್ ಜೀವಂತವಾಗಿಯೇ ಇರುತ್ತದೆ.

ನನ್ನ ರಿಮೂವ್‌ನಲ್ಲಿ ಇದ್ದದ್ದು ಎರಡೇ ಸಾಲು. ವರ್ಕ್ ರದ್ದುಮಾಡು, ಕ್ಲಾಕ್ ಆರಿಸು. ಓದಲು ಎಷ್ಟು ಅಚ್ಚುಕಟ್ಟು! ವರ್ಕ್ ರದ್ದಾಯಿತು. ಮರುಗಳಿಗೆಯಲ್ಲಿ ಎಡಿಸಿ ಘಟಕ (ಸೆನ್ಸರಿನ ಸಂಕೇತವನ್ನು ಅಂಕಿಯಾಗಿಸುವುದು) ಅಳತೆ ಮುಗಿಸಿ ಇಂಟರಪ್ಟ್ ಎಬ್ಬಿಸಿತು. ಹ್ಯಾಂಡ್ಲರ್ ಓಡಿ ಅದೇ ವರ್ಕನ್ನು ಮತ್ತೆ ಸರತಿಗೆ ಹಚ್ಚಿತು. ರಿಮೂವ್ ಕ್ಲಾಕ್ ಆರಿಸಿತು. ಡೆವ್‌ಎಂ ಇಂಟರಪ್ಟ್ ಬಿಟ್ಟಿತು, ಮೆಮೊರಿ ಬಿಟ್ಟಿತು. ಆಮೇಲೆ ಸರತಿಯಲ್ಲಿದ್ದ ವರ್ಕ್ ಎದ್ದು, ಇಲ್ಲದ ಮೆಮೊರಿಗೆ ಕೈಹಾಕಿತು. ಇದೇ ದೋಷಕ್ಕೆ ಇನ್ನೊಂದು ಮುಖವೂ ಇದೆ. ಕ್ಲಾಕ್ ಆರಿದ ಮೇಲೆ ಹ್ಯಾಂಡ್ಲರ್ ರಿಜಿಸ್ಟರ್ ಓದಿದರೆ, ಹಲವು ಆರ್ಮ್ ಚಿಪ್‌ಗಳಲ್ಲಿ ಬಸ್ಸಿನಿಂದಲೇ ಹೊರಗಿನ ಅಬಾರ್ಟ್ ಬಂದು ಕರ್ನಲ್ ನಿಂತುಹೋಗುತ್ತದೆ, ಇಲ್ಲವೇ ಬೋರ್ಡ್ ಸದ್ದಿಲ್ಲದೆ ಹೆಪ್ಪುಗಟ್ಟುತ್ತದೆ.

ಪತ್ತೆ ಹಚ್ಚುವುದನ್ನು ಅಗ್ಗದ ದಾರಿಯಿಂದ ಆರಂಭಿಸೋಣ.

ಕಾಗದದ ಮೇಲೆ ಎರಡು ಕಂಬಸಾಲು ಬರೆಯಿರಿ. ಎಡಗಡೆ ಪ್ರೋಬ್ ಪಡೆಯುವುದೆಲ್ಲ ಮೇಲಿನಿಂದ ಕೆಳಗೆ. ಬಲಗಡೆ ಬಿಡುವುದೆಲ್ಲ, ಮೊದಲು ರಿಮೂವ್‌ನ ಸಾಲುಗಳು, ಅದರ ಕೆಳಗೆ ಡೆವ್‌ಎಂ ಸಾಲುಗಳು ತಲೆಕೆಳಗಾಗಿ. ಬಲಗಡೆಯದು ಎಡಗಡೆಯ ಕನ್ನಡಿ ಬಿಂಬ ಆಗದಿದ್ದರೆ, ಎಲ್ಲಿ ಮುರಿದಿದೆಯೋ ಅಲ್ಲೇ ದೋಷ. ಬಹಳ ಸಲ ಹತ್ತು ನಿಮಿಷದ ಈ ಕೆಲಸ ಸಾಕಾಗುತ್ತದೆ, ಉಪಕರಣಗಳ ಮೊರೆ ಹೋಗಬೇಕಾಗುವುದಿಲ್ಲ.

ಕಾಗದದಲ್ಲಿ ಕಾಣದಿದ್ದರೆ ಕರ್ನಲನ್ನು ಡಿಬಗ್_ಡೆವ್‌ರೆಸ್ ಆಯ್ಕೆಯೊಂದಿಗೆ ಬಿಲ್ಡ್ ಮಾಡಿ, ಬೂಟ್ ಸಾಲಿನಲ್ಲಿ ಡೆವ್‌ರೆಸ್.ಲಾಗ್ ಎಂಬ ನಿಯತಾಂಕಕ್ಕೆ 1 ಕೊಡಿ. ಪಟ್ಟಿಗೆ ಸೇರಿದ, ತೆಗೆದ, ಬಿಟ್ಟ ಪ್ರತಿಯೊಂದೂ ಹೆಸರು, ಗಾತ್ರದ ಸಮೇತ ಲಾಗಿಗೆ ಬರುತ್ತದೆ. ರಿಮೂವ್‌ನ ಆರಂಭಕ್ಕೂ ಕೊನೆಗೂ ನಿಮ್ಮದೇ ಒಂದೊಂದು ಸಾಲು ಮುದ್ರಿಸಿದರೆ ನಿಜವಾದ ಕ್ರಮ ಕಣ್ಣೆದುರು ನಿಲ್ಲುತ್ತದೆ.

ಹತ್ತಕ್ಕೊಮ್ಮೆ ಬೀಳುವುದನ್ನು ಹತ್ತಕ್ಕೆ ಹತ್ತು ಬೀಳಿಸಬೇಕಾದರೆ ಕೆಸಾನ್ (ಮೆಮೊರಿಯ ತಪ್ಪು ಬಳಕೆ ಹಿಡಿಯುವ ಕರ್ನಲ್ ಆಯ್ಕೆ) ಹಾಕಿ ಬಿಲ್ಡ್ ಮಾಡಿ, ಸಿಸ್ ಕಡತವ್ಯವಸ್ಥೆಯ ಅನ್‌ಬೈಂಡ್, ಬೈಂಡ್ ಕಡತಗಳಿಗೆ ಸಾಧನದ ಹೆಸರು ಬರೆಯುವ ಲೂಪನ್ನು ಐನೂರು ಸಲ ಓಡಿಸಿ. ಆ ಹೊತ್ತಿನಲ್ಲಿ ಸಾಧನ ಸುಮ್ಮನಿರಬಾರದು, ಇಂಟರಪ್ಟ್ ಸುರಿಯುತ್ತಿರಬೇಕು. ನನ್ನ ಮೇಜಿನ ಪರೀಕ್ಷೆ ವಾರವಿಡೀ ಸುಳ್ಳು ಹೇಳಿದ್ದು ಈ ಕಾರಣಕ್ಕೇ. ಅಲ್ಲಿ ಸೆನ್ಸರ್ ಜೋಡಿಸಿಯೇ ಇರಲಿಲ್ಲ. ಹಂಚಿಕೊಂಡ ಇಂಟರಪ್ಟ್ ಗೆರೆಯಾಗಿದ್ದರೆ ಡಿಬಗ್_ಎಸ್‌ಎಚ್‌ಐಆರ್‌ಕ್ಯೂ ಆಯ್ಕೆ ಹಾಕಿ. ಅದು ಹ್ಯಾಂಡ್ಲರನ್ನು ಬಿಡುವ ಮುನ್ನ ಬೇಕೆಂದೇ ಒಂದು ಹುಸಿ ಇಂಟರಪ್ಟ್ ಕಳಿಸಿ ನೋಡುತ್ತದೆ. ಡಿಬಗ್_ಟೆಸ್ಟ್_ಡ್ರೈವರ್_ರಿಮೂವ್ ಎಂಬುದು ಇನ್ನೂ ಒರಟಾದದ್ದು. ಪ್ರತಿ ಡ್ರೈವರನ್ನೂ ಕಟ್ಟಿ, ಬಿಡಿಸಿ, ಮತ್ತೆ ಕಟ್ಟುತ್ತದೆ. ಇಡೀ ಬೋರ್ಡ್ ಬೂಟ್ ಆಗದೆ ಹೋಗಬಹುದು. ಅದನ್ನು ಹುಳು ಮನೆಯ ಪೆಟ್ಟಿಗೆಗೆ ಎಂದೂ ಹಾಕಬೇಡಿ, ಮೇಜಿನ ಬೋರ್ಡಿಗೆ ಮಾತ್ರ.

ಸರಿಪಡಿಸುವ ದಾರಿ ಎರಡಿವೆ, ಬೆರಕೆ ಮಾಡಬಾರದು. ಒಂದು, ಎಲ್ಲವನ್ನೂ ಡೆವ್‌ಎಂ ಮಾಡಿ. ಕ್ಲಾಕಿಗೆ ಡೆವ್‌ಎಂ_ಸಿಎಲ್‌ಕೆ_ಗೆಟ್_ಎನೇಬಲ್ಡ್, ವರ್ಕಿಗೆ ಡೆವ್‌ಎಂ_ವರ್ಕ್_ಆಟೋಕ್ಯಾನ್ಸಲ್, ಸಿದ್ಧ ಫಂಕ್ಷನ್ ಇಲ್ಲದ್ದಕ್ಕೆ ಡೆವ್‌ಎಂ_ಆಡ್_ಆ್ಯಕ್ಷನ್_ಆರ್_ರಿಸೆಟ್. ಕ್ರಮ ಕ್ಲಾಕ್, ಆಮೇಲೆ ವರ್ಕ್, ಕೊನೆಗೆ ಇಂಟರಪ್ಟ್ ಎಂದಿರಲಿ. ಬಿಚ್ಚಿಕೊಳ್ಳುವಾಗ ಇಂಟರಪ್ಟ್ ಮೊದಲು ಹೋಗುತ್ತದೆ, ಹೊಸ ವರ್ಕ್ ಹಚ್ಚುವವರು ಇಲ್ಲವಾಗುತ್ತಾರೆ. ಆಮೇಲೆ ವರ್ಕ್ ರದ್ದಾಗುತ್ತದೆ. ಕಡೆಗೆ ಕ್ಲಾಕ್ ಆರುತ್ತದೆ. ರಿಮೂವ್ ಫಂಕ್ಷನ್ನೇ ಬೇಡವಾಗುತ್ತದೆ. ಇನ್ನೊಂದು, ಪ್ರೋಬ್‌ನಲ್ಲಿ ಡೆವ್‌ಎಂ ಅಲ್ಲದ ಮೊದಲ ಸಾಲು ಎಲ್ಲಿ ಬರುತ್ತದೋ ಅಲ್ಲಿಂದ ಕೆಳಗಿನದೆಲ್ಲ ಡೆವ್‌ಎಂ ಅಲ್ಲದೆಯೇ ಇರಲಿ, ರಿಮೂವ್ ಅದಷ್ಟನ್ನೂ ತಲೆಕೆಳಗಾಗಿ ಬಿಡಲಿ. ನಡುವೆ ಒಂದು, ಆಚೆ ಒಂದು ಎಂದು ಡೆವ್‌ಎಂ ಸಿಂಪಡಿಸಿದ ಡ್ರೈವರ್ ಪೂರ್ತಿ ಹಳೆಯ ರೀತಿಯ ಡ್ರೈವರಿಗಿಂತ ಅಪಾಯಕಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಹಳೆಯದರಲ್ಲಿ ಕ್ರಮವಾದರೂ ಕಣ್ಣಿಗೆ ಕಾಣುತ್ತದೆ.

ಲಕ್ಷಣ: ಬಿಟ್ಟದ್ದನ್ನೇ ಮತ್ತೆ ಬಿಟ್ಟೆ ಎಂಬ ಎಚ್ಚರಿಕೆ

ಆಗಲೇ ಬಿಟ್ಟಿರುವ ಐಆರ್‌ಕ್ಯೂ ಅನ್ನು ಬಿಡಲು ನೋಡುತ್ತಿದ್ದೀರಿ ಎಂದು ಕರ್ನಲ್ ಹೇಳಿದರೆ, ಡೆವ್‌ಎಂ ಮೂಲಕ ಕೇಳಿದ್ದನ್ನು ರಿಮೂವ್‌ನಲ್ಲಿ ಸಾದಾ ಫ್ರೀ_ಐಆರ್‌ಕ್ಯೂ ಬಳಸಿ ಬಿಟ್ಟಿದ್ದೀರಿ. ಪಟ್ಟಿಗೆ ಆ ಸುದ್ದಿ ಗೊತ್ತಿಲ್ಲ, ಅದು ಇನ್ನೊಮ್ಮೆ ಬಿಡುತ್ತದೆ. ಮೆಮೊರಿಗೆ ಹೀಗೆ ಮಾಡಿದರೆ ಪರಿಣಾಮ ಇನ್ನೂ ಕೆಟ್ಟದ್ದು. ಡೆವ್‌ಎಂ_ಕೆಝಡ್‌ಅಲಾಕ್ ಕೊಡುವ ಪಾಯಿಂಟರ್ ನಿಜವಾದ ತುಂಡಿನ ಆರಂಭವಲ್ಲ. ಅದರ ಮುಂದೆ ಪಟ್ಟಿಯ ಲೆಕ್ಕ ಇರುತ್ತದೆ. ಆ ಪಾಯಿಂಟರನ್ನು ಕೆಫ್ರೀ ಕೈಗೆ ಕೊಟ್ಟರೆ ತುಂಡಿನ ನಡುವಿನ ವಿಳಾಸ ಕೊಟ್ಟಂತಾಗಿ, ಕೆಸಾನ್ ಇದ್ದರೆ ಅಸಿಂಧು ಬಿಡುಗಡೆ ಎಂದು ಕೂಗುತ್ತದೆ. ಇಲ್ಲದಿದ್ದರೆ ಬೇರೆ ಯಾರದೋ ಮೆಮೊರಿ ಕೆಡಬಹುದು.

ನಿಜವಾಗಿ ಮಧ್ಯದಲ್ಲೇ ಬಿಡಬೇಕಿದ್ದರೆ ಡೆವ್‌ಎಂ_ಫ್ರೀ_ಐಆರ್‌ಕ್ಯೂ, ಡೆವ್‌ಎಂ_ಕೆಫ್ರೀ ಇವೆ. ಇಲ್ಲವಾದರೆ ರಿಮೂವ್‌ನ ಆ ಸಾಲನ್ನೇ ಅಳಿಸಿ. ಕರ್ನಲ್ ಮೂಲದ ಜೊತೆಗೇ ಬರುವ ಕಾಕ್ಸಿನೆಲ್ (ಕೋಡಿನಲ್ಲಿ ತಪ್ಪಿನ ಮಾದರಿ ಹುಡುಕುವ ಸಾಧನ) ಸ್ಕ್ರಿಪ್ಟ್‌ಗಳಲ್ಲಿ ಡೆವ್‌ಎಂ_ಫ್ರೀ ಎಂಬುದು ಈ ತಪ್ಪನ್ನೇ ಹುಡುಕುತ್ತದೆ. ಬೋರ್ಡ್ ಮುಟ್ಟದೆ ನಡೆಯುವ ತಪಾಸಣೆಯಾದ್ದರಿಂದ ಹಳೆಯ ಡ್ರೈವರನ್ನು ಡೆವ್‌ಎಂಗೆ ಬದಲಿಸಿದ ದಿನವೇ ಓಡಿಸಿಬಿಡುವುದು ಒಳ್ಳೆಯದು.

ಲಕ್ಷಣ: ಡ್ರೈವರ್ ಹೋದರೂ ಚಿಪ್ ಬಿಸಿ, ಬ್ಯಾಟರಿ ಇಳಿಯುತ್ತಿದೆ

ಡೆವ್‌ಎಂ_ಸಿಎಲ್‌ಕೆ_ಗೆಟ್ ಕ್ಲಾಕಿನ ಹಿಡಿತವನ್ನು ಮಾತ್ರ ನೋಡಿಕೊಳ್ಳುತ್ತದೆ. ನೀವು ಹಚ್ಚಿದ್ದನ್ನು ಅದು ಆರಿಸುವುದಿಲ್ಲ. ಡಿಬಗ್ ಕಡತವ್ಯವಸ್ಥೆಯ ಸಿಎಲ್‌ಕೆ_ಸಮ್ಮರಿ ಕಡತವನ್ನು ಬಿಡಿಸುವ ಮುನ್ನ ಒಮ್ಮೆ, ಬಿಡಿಸಿದ ಮೇಲೆ ಒಮ್ಮೆ ಓದಿ. ಎಣಿಕೆ ಇಳಿಯದಿದ್ದರೆ ಅದೇ ಕಾರಣ. ರೆಗ್ಯುಲೇಟರ್ ಆದರೆ ಕರ್ನಲ್ ತಾನೇ ಎಚ್ಚರಿಸುತ್ತದೆ. ಹಚ್ಚಿದ ರೆಗ್ಯುಲೇಟರನ್ನು ಆರಿಸದೆ ಹಿಂತಿರುಗಿಸಿದರೆ ರೆಗ್ಯುಲೇಟರ್ ಕೋರ್ ಕಡತದ ಹೆಸರು ಹೊತ್ತ ವಾರ್ನಿಂಗ್ ಲಾಗಿಗೆ ಬರುತ್ತದೆ.

ಲಕ್ಷಣ: ದಿನ ಕಳೆದಂತೆ ಮೆಮೊರಿ ಕರಗುತ್ತದೆ, ಕೆಮೆಮ್‌ಲೀಕ್ ಸುಮ್ಮನಿದೆ

ಬಹಳ ಜನರ ತಲೆ ಕೆಡಿಸುವುದು ಇದು. ಮೊದಲ ದಿನ ಎಲ್ಲ ಚೆನ್ನ. ಮೂರನೇ ವಾರಕ್ಕೆ ಪೆಟ್ಟಿಗೆ ತೂಕಡಿಸುತ್ತದೆ, ಪ್ರೋಗ್ರಾಂಗಳು ಒಂದೊಂದಾಗಿ ಸಾಯುತ್ತವೆ. ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಓಡಿಸಿದರೆ ಒಂದು ಸಾಲೂ ಬರುವುದಿಲ್ಲ.

ಬರುವುದಿಲ್ಲ, ಏಕೆಂದರೆ ತಾಂತ್ರಿಕವಾಗಿ ಯಾವುದೂ ಕಳೆದುಹೋಗಿಲ್ಲ. ಪ್ರತಿ ತುಂಡೂ ಸಾಧನದ ಡೆವ್‌ಎಂ ಪಟ್ಟಿಯಲ್ಲಿ ಭದ್ರವಾಗಿದೆ. ಯಾರಿಗೂ ಬೇಡವಾಗಿ, ಡ್ರೈವರ್ ಬಿಟ್ಟುಹೋಗುವ ದಿನಕ್ಕಾಗಿ ಕಾಯುತ್ತಿದೆ. ಪ್ರೋಬ್‌ನಲ್ಲಿ ಒಮ್ಮೆ ಕರೆಯಬೇಕಾದ ಫಂಕ್ಷನ್ನನ್ನು ಪದೇ ಪದೇ ಓಡುವ ಜಾಗದಲ್ಲಿ ಕರೆದಾಗ ಹೀಗಾಗುತ್ತದೆ. ಓಪನ್, ಐಒಕಂಟ್ರೋಲ್, ಸಿಸ್ ಕಡತದ ಓದು, ಎಚ್ಚರವಾಗುವ ರೆಸ್ಯೂಮ್ ಇವೇ ಆ ಜಾಗಗಳು. ನಾನು ಕಂಡ ಒಂದು ಡ್ರೈವರಿನಲ್ಲಿ ತೇವಾಂಶದ ಅಂಕಿಯನ್ನು ಅಕ್ಷರವಾಗಿಸಲು ಓದುವ ಪ್ರತಿ ಸಲವೂ ಡೆವ್‌ಎಂ_ಕೆಎಎಸ್‌ಪ್ರಿಂಟ್‌ಎಫ್ ಕರೆದಿದ್ದರು. ಹತ್ತು ಸೆಕೆಂಡಿಗೊಮ್ಮೆ ಓದು ಎಂದರೆ ದಿನಕ್ಕೆ 8,640 ಸಲ. ಪಟ್ಟಿಯ ಲೆಕ್ಕವೂ ಸೇರಿ ಒಂದೊಂದಕ್ಕೆ 200 ಬೈಟ್ ಹಿಡಿದರೆ ದಿನಕ್ಕೆ ಸುಮಾರು 1.7 ಎಂಬಿ. ಹುಳು ತಂದು ಗೂಡು ಕಟ್ಟುವ ಹೊತ್ತಿಗೆ 40 ಎಂಬಿ ದಾಟಿರುತ್ತದೆ. ಸಣ್ಣ ಬೋರ್ಡಿಗೆ ಅದು ದೊಡ್ಡ ಹೊರೆ.

ಗುರುತಿಸುವುದು ಮಾತ್ರ ಬಲು ಸುಲಭ. ಪ್ರಾಕ್ ಕಡತವ್ಯವಸ್ಥೆಯ ಮೆಮ್‌ಇನ್ಫೋದಲ್ಲಿ ಎಸ್‌ಅನ್‌ರಿಕ್ಲೇಮ್ ಸಾಲಿನ ಅಂಕಿ ಬರೆದುಕೊಳ್ಳಿ. ಡ್ರೈವರನ್ನು ಬಿಡಿಸಿ, ಮತ್ತೆ ಅದೇ ಸಾಲು ಓದಿ. ಅಂಕಿ ಧೊಪ್ಪನೆ ಇಳಿದರೆ ಡೆವ್‌ಎಂ ಅನ್ನು ತಪ್ಪು ಜಾಗದಲ್ಲಿ ಕರೆದಿದ್ದಾರೆ. ಇಳಿಯದಿದ್ದರೆ ನಿಜವಾದ ಸೋರಿಕೆ. ಅದಕ್ಕೆ ಕೆಮೆಮ್‌ಲೀಕ್ ತಕ್ಕ ಸಾಧನ. ಮೇಲೆ ಹೇಳಿದ ಡೆವ್‌ರೆಸ್ ಲಾಗ್ ಹಚ್ಚಿದ್ದರೆ ಇನ್ನೂ ಬೇಗ ತಿಳಿಯುತ್ತದೆ. ಪ್ರೋಬ್ ಮುಗಿದ ಮೇಲೂ ಸೇರಿಸುವ ಸಾಲುಗಳು ಬರುತ್ತಲೇ ಇದ್ದರೆ ಅಲ್ಲೇ ಸಿಕ್ಕಿಬಿದ್ದಂತೆ. ಪರಿಹಾರವೂ ಸರಳ: ಅಂಥ ಜಾಗಗಳಲ್ಲಿ ಸಾದಾ ಕೆಮ್‌ಅಲಾಕ್ ಬಳಸಿ ಅಲ್ಲೇ ಬಿಡಿ, ಅಥವಾ ಬಫರನ್ನು ಪ್ರೋಬ್‌ನಲ್ಲಿ ಒಮ್ಮೆ ಪಡೆದಿಟ್ಟುಕೊಳ್ಳಿ.

ಲಕ್ಷಣ: ಪ್ರೋಗ್ರಾಂ ಕಡತ ತೆರೆದಿರುವಾಗ ಬಿಡಿಸಿದರೆ, ಮುಂದಿನ ಓದಿನಲ್ಲಿ ಬೀಳುತ್ತದೆ

ಮಾಡ್ಯೂಲ್ ತೆಗೆಯಲು ಹೋದರೆ ಬಳಕೆಯಲ್ಲಿದೆ ಎಂದು ಕರ್ನಲ್ ತಡೆಯುತ್ತದೆ. ಅನ್‌ಬೈಂಡ್ ಮಾಡಿದರೆ ಯಾರೂ ತಡೆಯುವುದಿಲ್ಲ. ಈ ವ್ಯತ್ಯಾಸ ಕಂಡರೆ ಇದೇ ದೋಷ ಎಂದು ತಿಳಿಯಿರಿ. ಕಡತ ತೆರೆದಾಗ ಮಾಡ್ಯೂಲಿನ ಎಣಿಕೆ ಏರುತ್ತದೆ, ಆದ್ದರಿಂದ ಕೋಡು ಉಳಿಯುತ್ತದೆ. ಸಾಧನ ಮತ್ತು ಡ್ರೈವರಿನ ನಂಟು ಕಡಿಯುವುದಕ್ಕೆ ಆ ಎಣಿಕೆ ಅಡ್ಡಬರುವುದಿಲ್ಲ. ನಂಟು ಕಡಿದೊಡನೆ ಡೆವ್‌ಎಂ ಮೆಮೊರಿ ಹೋಗುತ್ತದೆ. ಪ್ರೋಗ್ರಾಂ ಮಾತ್ರ ತೆರೆದ ಕಡತ ಹಿಡಿದು ಕೂತಿರುತ್ತದೆ. ಅದರ ಒಳಗಿನ ಪಾಯಿಂಟರ್ ಸತ್ತ ಮೆಮೊರಿಯತ್ತ ನೋಡುತ್ತಿರುತ್ತದೆ. ಯುಎಸ್‌ಬಿ ಸಾಧನವಾದರೆ ತಂತಿ ಕಿತ್ತರೂ ಸಾಕು.

ಇಲ್ಲಿ ಡೆವ್‌ಎಂ ಕರೆಯ ಕ್ರಮ ಬದಲಿಸಿ ಪ್ರಯೋಜನವಿಲ್ಲ. ಮೆಮೊರಿಯ ಆಯಸ್ಸು ಡ್ರೈವರಿನ ನಂಟಿಗೆ ಕಟ್ಟಿದೆ, ಬಳಸುವವರ ಆಯಸ್ಸು ತೆರೆದ ಕಡತಕ್ಕೆ ಕಟ್ಟಿದೆ, ಎರಡೂ ಬೇರೆ ಬೇರೆ. ಕ್ಯಾರೆಕ್ಟರ್ ಸಾಧನವನ್ನು ನೀವೇ ನೋಂದಾಯಿಸುತ್ತಿದ್ದರೆ ಕಡತದ ಮೂಲಕ ಮುಟ್ಟುವ ರಚನೆಯನ್ನು ಡೆವ್‌ಎಂ ಇಲ್ಲದೆ ಪಡೆಯಿರಿ, ಕೆರೆಫ್ ಎಣಿಕೆ ಇಡಿ, ಕೊನೆಯವರು ಕೈಬಿಟ್ಟಾಗ ಬಿಡಿ. ರಿಮೂವ್ ಬೀಗ ಹಾಕಿಕೊಂಡು ಸಾಧನ ಹೋಯಿತೆಂಬ ಗುರುತು ಹಾಕಲಿ. ಪ್ರತಿ ಓದು, ಬರಹ ಅದೇ ಬೀಗದಡಿ ಗುರುತು ನೋಡಿ ಸಾಧನವಿಲ್ಲ ಎಂಬ ದೋಷ ಹಿಂತಿರುಗಿಸಲಿ. ಗ್ರಾಫಿಕ್ಸ್ ವಿಭಾಗದವರು ಇದಕ್ಕಾಗಿಯೇ ಡಿಆರ್‌ಎಂಎಂ ಎಂಬ ಬೇರೆ ಕುಟುಂಬದ ಫಂಕ್ಷನ್‌ಗಳನ್ನು ಮಾಡಿಕೊಂಡಿದ್ದಾರೆ. ಅವು ಸಂಪನ್ಮೂಲವನ್ನು ಡಿಆರ್‌ಎಂ ಸಾಧನದ ಕೊನೆಯ ಹಿಡಿತಕ್ಕೆ ಕಟ್ಟುತ್ತವೆ.

ನಾವು ನಮ್ಮ ಸ್ವಂತ ಕ್ಯಾರೆಕ್ಟರ್ ಸಾಧನವನ್ನು ಕೈಬಿಟ್ಟು ಡ್ರೈವರನ್ನು ಐಐಒ ಅಡಿಯಲ್ಲಿ ಮತ್ತೆ ಬರೆದೆವು. ನೋಂದಣಿ ತೆಗೆದ ಮೇಲೆ ಬರುವ ಓದನ್ನು ತಡೆಯುವ ಹೊರೆಯನ್ನು ಆ ವ್ಯವಸ್ಥೆಯೇ ಹೊರುತ್ತದೆ. ತಾಪ, ತೇವ ಅಳೆಯುವವರು ಸ್ವಂತ ಕಡತ ಹುಟ್ಟಿಸುವ ಮುನ್ನ ಐಐಒ ಕಡೆ ನೋಡಲೇಬೇಕು ಎಂದು ಅನುಭವದಿಂದ ಹೇಳುತ್ತೇನೆ. ನಮ್ಮದು 900 ಸಾಲಿದ್ದದ್ದು 400ಕ್ಕೆ ಇಳಿಯಿತು.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಲಾಗಿನಲ್ಲಿ ಕಡತವ್ಯವಸ್ಥೆಯ ದೋಷಗಳು ಕಾಣತೊಡಗಿದರೆ ಆ ಕ್ಷಣ ನಿಲ್ಲಿಸಿ. ಮೆಮೊರಿ ಕೆಟ್ಟದ್ದರ ಪರಿಣಾಮ ಕಾರ್ಡಿನವರೆಗೂ ತಲುಪಿದೆ ಎಂದರ್ಥ. ಮುಂದಿನ ಪ್ರತಿ ಪ್ರಯೋಗವೂ ಹಾನಿ ಹೆಚ್ಚಿಸುತ್ತದೆ. ಒಮ್ಮೆ ಕರ್ನಲ್ ಮುಗ್ಗರಿಸಿದ ಮೇಲೆ ರೀಬೂಟ್ ಮಾಡದೆ ಬಂದ ಎರಡನೆಯ, ಮೂರನೆಯ ವರದಿಗಳನ್ನು ನಂಬಬೇಡಿ. ಮೊದಲ ವರದಿಯಷ್ಟೇ ಸಾಕ್ಷಿ.

ಬಿದ್ದ ಜಾಡಿನಲ್ಲಿ ನಿಮ್ಮ ಡ್ರೈವರಿನ ಹೆಸರೇ ಇಲ್ಲದಿದ್ದರೆ, ಅಥವಾ ನಿಮ್ಮ ಡ್ರೈವರನ್ನು ಬಿಲ್ಡ್‌ನಿಂದ ತೆಗೆದ ಮೇಲೂ ದೋಷ ಉಳಿದರೆ, ಅದು ನಿಮ್ಮ ಕೈಯಲ್ಲಿ ಬಗೆಹರಿಯುವುದಲ್ಲ. ಕರ್ನಲ್ ಮೂಲದಲ್ಲಿರುವ ಗೆಟ್_ಮೇಂಟೇನರ್ ಸ್ಕ್ರಿಪ್ಟಿಗೆ ಕಡತದ ಹೆಸರು ಕೊಟ್ಟರೆ ಅದನ್ನು ನೋಡಿಕೊಳ್ಳುವವರು ಯಾರೆಂದು ತಿಳಿಯುತ್ತದೆ. ಅವರಿಗೆ ಬರೆಯುವಾಗ ಕರ್ನಲ್ ಆವೃತ್ತಿ, ಬಿಲ್ಡ್ ಆಯ್ಕೆಗಳ ಕಡತ, ಬೂಟ್‌ನಿಂದ ಹಿಡಿದು ಮೊದಲ ವರದಿಯವರೆಗಿನ ಪೂರ್ತಿ ಲಾಗ್, ಬಿಡಿಸುವ ಹೊತ್ತಿನ ಡೆವ್‌ರೆಸ್ ಸಾಲುಗಳು, ಎಷ್ಟು ಸಲಕ್ಕೊಮ್ಮೆ ಬೀಳುತ್ತದೆ ಎಂಬ ಎಣಿಕೆ ಇಷ್ಟನ್ನು ಕಳಿಸಿ. ಲಾಗ್ ಕತ್ತರಿಸಬೇಡಿ. ಚಿಪ್ ತಯಾರಕರು ಕೊಟ್ಟ ಬದಲಿಸಿದ ಕರ್ನಲ್ ಆಗಿದ್ದರೆ ಮೊದಲು ಅವರನ್ನೇ ಕೇಳಬೇಕು.

ಪೆಟ್ಟಿಗೆಯನ್ನು ರಿಪೇರಿಗೆ ತರುವ ದಿನ ಆ ಮನೆಯ ಗೋಡೆಗೆ ಒಣ ಮತ್ತು ತೇವ ಬಲ್ಬಿನ ಉಷ್ಣಮಾಪಕ ನೇತುಹಾಕಿ, ತೇವದ ಬಟ್ಟೆಗೆ ನೀರು ಹಾಕಿ, ಎರಡರ ಅಂತರ ಓದುವುದು ಹೇಗೆಂದು ತೋರಿಸಿ ಬನ್ನಿ. ಹೀಟರಿನ ಪ್ಲಗ್ ಯಾರ ಕೈಯಲ್ಲಿರುತ್ತದೆ ಎಂದೂ ಕೇಳಿಕೊಳ್ಳಿ. ಹುಳು ಜ್ವರದಿಂದ ಏಳುವವರೆಗೆ ನಮ್ಮ ಯಜಮಾನಿ ಗಂಟೆಗೊಮ್ಮೆ ಎದ್ದು ಆ ಎರಡು ಅಂಕಿಗಳನ್ನು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದರು. ಹೊಸ ಡ್ರೈವರ್ ಹಾಕಿದ ಮೇಲೆ ಪೆಟ್ಟಿಗೆಯ ಅಂಕಿ ಸರಿಯಿದೆಯೇ ಎಂದು ನಾನು ಹೋಲಿಸಿ ನೋಡಿದ್ದು ಆ ಗೋಡೆಯೊಂದಿಗೆ.